ಮೂರು ಹನಿ ದ್ರಾಕ್ಷಾರಸ: ಕಷ್ಟಕಾಲದ ಭರವಸೆಗೆ ಕಾರ್ಡಿನಲ್ ವಾನ್ ತುವಾನ್ ಅವರ ಸಾಕ್ಷ್ಯ

ಕಾಯಿಲೆಯವರ ಮನೆಗೆ ಭೇಟಿ ನೀಡುವ ನಮ್ಮ ಧರ್ಮಭಗಿನಿಯರು, ವಾರ್ಡಿನ ಗುರ್ಕಾರರು ಹಾಗೂ ಸ್ವಯಂಸೇವಕರ ಕಿವಿಗೆ ಒಂದು ಮಾತು ಆಗಾಗ ಬೀಳುತ್ತದೆ: "ನನಗೆ ಈಗ ಪ್ರಾರ್ಥನೆ ಮಾಡಲೂ ಆಗುತ್ತಿಲ್ಲ." ವರ್ಷಗಟ್ಟಲೆ ತಪ್ಪದೆ ಜಪಸರ ಹೇಳಿದವರು, ಪ್ರತಿ ಭಾನುವಾರ ಬಲಿಪೂಜೆಗೆ ಬಂದವರು ಹಾಸಿಗೆ ಹಿಡಿದಾಗ ಹೀಗೆ ಹೇಳುತ್ತಾರೆ. ಹೇಳಿದ ಮೇಲೆ ನಾಚುತ್ತಾರೆ. ತಮ್ಮ ವಿಶ್ವಾಸ ಬತ್ತಿಹೋಯಿತೇ, ದೇವರು ತಮ್ಮನ್ನು ಕೈಬಿಟ್ಟರೇ ಎಂದು ಹೆದರುತ್ತಾರೆ. ಕೇಳಿದ ನಮಗೂ ಏನು ಉತ್ತರ ಕೊಡಬೇಕೆಂದು ತಿಳಿಯುವುದಿಲ್ಲ.

ಈ ಪ್ರಶ್ನೆಗೆ ಪುಸ್ತಕದ ಉತ್ತರಕ್ಕಿಂತ ಒಬ್ಬ ಮನುಷ್ಯನ ಬಾಳು ಹೆಚ್ಚು ನೆರವಾಗಬಹುದು. ಹದಿಮೂರು ವರ್ಷ ಬಂಧನದಲ್ಲಿದ್ದ, ಅದರಲ್ಲಿ ಒಂಬತ್ತು ವರ್ಷ ಒಂಟಿ ಕೋಣೆಯಲ್ಲಿ ಕಳೆದ ವಿಯೆಟ್ನಾಮಿನ ಒಬ್ಬ ಧರ್ಮಾಧ್ಯಕ್ಷರು ತಮಗೂ ಪ್ರಾರ್ಥಿಸಲಾಗದ ದಿನಗಳಿದ್ದವು ಎಂದು ಮುಚ್ಚುಮರೆಯಿಲ್ಲದೆ ಹೇಳಿದರು. ಆ ದಿನಗಳನ್ನು ದಾಟಿದ್ದು ಹೇಗೆ ಎಂಬುದನ್ನೂ ತಿಳಿಸಿದರು. ಅವರೇ ಕಾರ್ಡಿನಲ್ ಫ್ರಾನ್ಸಿಸ್ ಕ್ಸೇವಿಯರ್ ನುಯೆನ್ ವಾನ್ ತುವಾನ್. ಅವರ ಬಾಳಿನ ವಿವರಗಳನ್ನೂ ಅವು ನಮಗೆ ಕಲಿಸುವ ಪಾಠವನ್ನೂ ಇಲ್ಲಿ ಸಂಗ್ರಹಿಸಿ ಕೊಡುತ್ತಿದ್ದೇವೆ.

ಹುತಾತ್ಮರ ಮನೆತನ

ವಾನ್ ತುವಾನ್ ಅವರು ಜನಿಸಿದ್ದು 1928ರ ಏಪ್ರಿಲ್ 17ರಂದು, ಮಧ್ಯ ವಿಯೆಟ್ನಾಮಿನ ಹುಯೆ ನಗರದಲ್ಲಿ. ಗೋವಾದಲ್ಲಿ ಪವಿತ್ರ ಶರೀರವಿರುವ, ನಮ್ಮ ಕರಾವಳಿಯ ಮನೆಮನೆಗಳಲ್ಲಿ ನೆನೆಯುವ ಸಂತ ಫ್ರಾನ್ಸಿಸ್ ಕ್ಸೇವಿಯರರ ಹೆಸರೇ ಅವರಿಗೂ ದೊರೆಯಿತು. ಅವರ ಪೂರ್ವಿಕರಲ್ಲಿ ವಿಶ್ವಾಸಕ್ಕಾಗಿ ಪ್ರಾಣ ಕೊಟ್ಟವರಿದ್ದರು. 1885ರ ಹಿಂಸಾಚಾರದಲ್ಲಿ ಅವರ ತಾಯಿಯ ಮನೆತನದ ಬಹುತೇಕರು ತಮ್ಮ ಊರಿನ ಚರ್ಚಿನೊಳಗೇ ಬೆಂಕಿಗೆ ಆಹುತಿಯಾದರು. ಆ ಕಥೆಗಳನ್ನು ಕೇಳುತ್ತಲೇ ಬಾಲಕ ಬೆಳೆದ.

1953ರಲ್ಲಿ ಗುರುದೀಕ್ಷೆ ಪಡೆದ ಅವರು ರೋಮಿನಲ್ಲಿ ಓದಿ 1959ರಲ್ಲಿ ಧರ್ಮಸಭೆಯ ಕಾನೂನಿನಲ್ಲಿ ಡಾಕ್ಟರೇಟ್ ಗಳಿಸಿದರು. ದಕ್ಷಿಣ ವಿಯೆಟ್ನಾಮಿನ ಅಧ್ಯಕ್ಷರಾಗಿದ್ದ ನೋ ದಿನ್ ದಿಯೆಮ್ ಅವರ ಸೋದರಮಾವ. 1963ರ ನವೆಂಬರ್ 2ರಂದು, ಸತ್ತ ವಿಶ್ವಾಸಿಗಳ ಸ್ಮರಣೆಯ ದಿನವೇ, ಸೇನಾದಂಗೆಯಲ್ಲಿ ದಿಯೆಮ್ ಮತ್ತು ಅವರ ಒಬ್ಬ ತಮ್ಮನ ಹತ್ಯೆಯಾಯಿತು. ಸೆರೆಮನೆಗೆ ಮುನ್ನವೇ ಈ ಮನೆ ದುಃಖವನ್ನು ಚೆನ್ನಾಗಿ ಅರಿತಿತ್ತು.

1967ರಲ್ಲಿ ಅವರು ನ್ಯಾ ಟ್ರಾಂಗ್ ಧರ್ಮಕ್ಷೇತ್ರದ ಧರ್ಮಾಧ್ಯಕ್ಷರಾದರು. "ಸಂತೋಷ ಮತ್ತು ಭರವಸೆ" ಎಂಬುದು ಅವರು ಆರಿಸಿಕೊಂಡ ಧ್ಯೇಯವಾಕ್ಯ. ಎರಡನೇ ವ್ಯಾಟಿಕನ್ ಮಹಾಸಭೆಯ ಒಂದು ಪ್ರಮುಖ ದಾಖಲೆಯ ಹೆಸರೂ ಅದೇ. ಎಂಟು ವರ್ಷ ಗುರುಮಠಗಳನ್ನು ಕಟ್ಟಿದರು, ಯುವಜನರನ್ನೂ ಶ್ರೀಸಾಮಾನ್ಯರನ್ನೂ ತರಬೇತುಗೊಳಿಸಿದರು.

ಸ್ವರ್ಗಾರೋಹಣ ಹಬ್ಬದ ದಿನ ಬಂಧನ

1975ರ ಏಪ್ರಿಲ್ 24ರಂದು ಪೋಪ್ ಆರನೇ ಪೌಲ್ ಅವರು ವಾನ್ ತುವಾನ್ ಅವರನ್ನು ಸೈಗಾನಿನ ಸಹಾಯಕ ಮಹಾಧರ್ಮಾಧ್ಯಕ್ಷರನ್ನಾಗಿ, ಉತ್ತರಾಧಿಕಾರದ ಹಕ್ಕಿನೊಂದಿಗೆ, ನೇಮಿಸಿದರು. ಆರೇ ದಿನಗಳಲ್ಲಿ, ಏಪ್ರಿಲ್ 30ರಂದು, ಸೈಗಾನ್ ಕಮ್ಯುನಿಸ್ಟ್ ಸೇನೆಯ ವಶವಾಯಿತು. ಹೊಸ ಸರಕಾರ ಈ ನೇಮಕವನ್ನು ಒಪ್ಪಲಿಲ್ಲ.

ಆ ವರ್ಷದ ಆಗಸ್ಟ್ 15ರಂದು, ಮರಿಯಮ್ಮನವರ ಸ್ವರ್ಗಾರೋಹಣ ಹಬ್ಬದ ದಿನ, ಅವರನ್ನು ಅರಮನೆಗೆ ಕರೆಸಿ ಬಂಧಿಸಲಾಯಿತು. ಮೈಮೇಲಿನ ನಿಲುವಂಗಿ ಮತ್ತು ಜೇಬಿನಲ್ಲಿದ್ದ ಜಪಸರ ಬಿಟ್ಟರೆ ಕೈಯಲ್ಲಿ ಬೇರೇನೂ ಇರಲಿಲ್ಲ. ಅಂದೇ 450 ಕಿಲೋಮೀಟರ್ ದೂರ ಕರೆದೊಯ್ದು ನ್ಯಾ ಟ್ರಾಂಗ್ ಬಳಿಯ ಕಾಯ್ ವೊಂಗ್ ಎಂಬ ಹಳ್ಳಿಯಲ್ಲಿ ಕಾವಲಿನಲ್ಲಿ ಇಟ್ಟರು. ವಿಚಾರಣೆ ನಡೆಯಲಿಲ್ಲ, ತೀರ್ಪೂ ಬರಲಿಲ್ಲ. ಎಷ್ಟು ದಿನ ಎಂದು ಹೇಳುವವರೂ ಇರಲಿಲ್ಲ.

ಆ ದಾರಿಯಲ್ಲಿ ಅವರ ಮನಸ್ಸಿನಲ್ಲಿ ಮೂಡಿದ ಯೋಚನೆ ಮುಖ್ಯವಾದುದು. ಸೆರೆಯಲ್ಲಿ ಕುಳಿತವರು ಬಿಡುಗಡೆಯ ದಿನವನ್ನೇ ಎಣಿಸುತ್ತಾರೆ. ಆ ದಿನ ಬಾರದೆಯೂ ಇರಬಹುದು. ಆದ್ದರಿಂದ ತಾವು ಕಾಯುತ್ತ ಕುಳಿತುಕೊಳ್ಳುವುದಿಲ್ಲ, ಕೈಯಲ್ಲಿರುವ ಈ ಕ್ಷಣವನ್ನೇ ಪ್ರೀತಿಯಿಂದ ತುಂಬುತ್ತೇನೆ ಎಂದು ಅವರು ನಿಶ್ಚಯಿಸಿದರು. ಮುಂದಿನ ಹದಿಮೂರು ವರ್ಷಗಳಿಗೆ ಈ ನಿಶ್ಚಯವೇ ಬುನಾದಿ.

ಹಳೆಯ ಕ್ಯಾಲೆಂಡರಿನ ಹಾಳೆಗಳು

ಕಾವಲಿನಲ್ಲಿರುವವನು ಜನರಿಗೆ ಏನು ಮಾಡಬಲ್ಲ? ಸಂತ ಪೌಲರು ಸೆರೆಯಿಂದ ಪತ್ರಗಳನ್ನು ಬರೆದದ್ದು ಅವರಿಗೆ ನೆನಪಾಯಿತು. ಅಕ್ಟೋಬರ್ ತಿಂಗಳ ಒಂದು ಮುಂಜಾನೆ, ಇನ್ನೂ ಕತ್ತಲಿರುವಾಗ, ಏಳು ವರ್ಷದ ಬಾಲಕನೊಬ್ಬ ಬಲಿಪೂಜೆ ಮುಗಿಸಿ ಮನೆಗೆ ಹೋಗುತ್ತಿದ್ದ. ಅವನನ್ನು ಕರೆದು, ಹಳೆಯ ಕ್ಯಾಲೆಂಡರುಗಳನ್ನು ಕೊಂಡು ಕಳುಹಿಸುವಂತೆ ತಾಯಿಗೆ ಹೇಳು ಎಂದರು. ಸಂಜೆಯ ಹೊತ್ತಿಗೆ ಕ್ಯಾಲೆಂಡರುಗಳು ಬಂದವು.

ಆ ಅಕ್ಟೋಬರ್ ಮತ್ತು ನವೆಂಬರ್ ತಿಂಗಳ ರಾತ್ರಿಗಳಲ್ಲಿ ಅವರು ಹಾಳೆಗಳ ಹಿಂಬದಿಯಲ್ಲಿ ಚಿಕ್ಕ ಚಿಕ್ಕ ಸಂದೇಶಗಳನ್ನು ಬರೆದರು. ಬೆಳಿಗ್ಗೆ ಬಾಲಕ ಒಯ್ಯುತ್ತಿದ್ದ. ಅವನ ಅಕ್ಕ ಅಣ್ಣಂದಿರು ನಕಲು ಮಾಡುತ್ತಿದ್ದರು. ಹೀಗೆ ಕೈಯಿಂದ ಕೈಗೆ ದಾಟಿದ 1001 ಸಂದೇಶಗಳು ಮುಂದೆ "ಭರವಸೆಯ ದಾರಿ" ಎಂಬ ಅರ್ಥದ ಹೆಸರಿನಲ್ಲಿ ಪುಸ್ತಕವಾಗಿ ಹಲವು ಭಾಷೆಗಳಿಗೆ ಹೋದವು. ಬರೆದವರೊಬ್ಬರೇ ಆದರೂ ಅದರಲ್ಲಿ ಒಬ್ಬ ತಾಯಿ, ಒಬ್ಬ ಬಾಲಕ ಮತ್ತು ಅವನ ಒಡಹುಟ್ಟಿದವರ ಧೈರ್ಯವೂ ಸೇರಿದೆ ಎಂಬುದನ್ನು ನಾವು ಮರೆಯಬಾರದು.

ದೇವರು ಬೇರೆ, ದೇವರ ಕೆಲಸ ಬೇರೆ

1976ರಲ್ಲಿ ಅವರನ್ನು ಫು ಖಾನ್ ಸೆರೆಮನೆಯ ಒಂಟಿ ಕೋಣೆಗೆ ಹಾಕಿದರು. ಕಿಟಕಿಯಿಲ್ಲದ ಕೋಣೆ. ಕೆಲವು ದಿನ ಹಗಲು ರಾತ್ರಿ ದೀಪ ಆರಿಸುತ್ತಿರಲಿಲ್ಲ, ಕೆಲವು ದಿನ ಗಾಢ ಕತ್ತಲೆ. ಸೆಖೆ ಮತ್ತು ತೇವದಿಂದ ಮಲಗುವ ಚಾಪೆಯ ಮೇಲೆ ಅಣಬೆ ಎದ್ದಿತ್ತು. ಗೋಡೆಯ ಬುಡದಲ್ಲಿ ಸಣ್ಣ ತೂತೊಂದಿತ್ತು. ಉಸಿರಾಡಲು ನೆಲದ ಮೇಲೆ ಮಲಗಿ ಮೂಗನ್ನು ಅದರ ಹತ್ತಿರ ಒಡ್ಡುತ್ತಿದ್ದರು.

ದೇಹದ ನೋವಿಗಿಂತ ಇನ್ನೊಂದು ನೋವು ಅವರನ್ನು ಹಿಂಡುತ್ತಿತ್ತು. ಆಗ ಅವರಿಗೆ 48ರ ಪ್ರಾಯ. ದುಡಿಯುವ ಶಕ್ತಿಯಿತ್ತು, ಅನುಭವವಿತ್ತು. ಹೊರಗೆ ಜನರು ಕುರುಬನಿಲ್ಲದ ಕುರಿಗಳಂತಿದ್ದರು. ತಾವು ಆರಂಭಿಸಿದ ಕೆಲಸಗಳೆಲ್ಲ ಏನಾದವು, ದೇವರು ಇದಕ್ಕೆ ಏಕೆ ಅವಕಾಶ ಕೊಟ್ಟರು ಎಂದು ನಿದ್ದೆಯಿಲ್ಲದೆ ಚಿಂತಿಸುತ್ತಿದ್ದರು.

ಒಂದು ರಾತ್ರಿ ಹೃದಯದಾಳದಲ್ಲಿ ಒಂದು ಮಾತು ಕೇಳಿದಂತಾಯಿತು ಎಂದು ಅವರು ಮುಂದೆ ಹೇಳಿಕೊಂಡರು. ಅದರ ಸಾರ ಇಷ್ಟು: ದೇವರು ಬೇರೆ, ದೇವರ ಕೆಲಸಗಳು ಬೇರೆ. ಗುರುಮಠ, ಶಾಲೆ, ಯುವಜನ ಸಂಘ, ಧರ್ಮಪ್ರಚಾರ ಎಲ್ಲವೂ ಒಳ್ಳೆಯ ಕೆಲಸಗಳೇ. ಆದರೆ ಅವು ದೇವರಲ್ಲ. ಅವನ್ನು ಬಿಡು ಎಂದು ದೇವರು ಕೇಳಿದರೆ ಬಿಟ್ಟುಬಿಡಬೇಕು. ನಿನಗಿಂತ ಚೆನ್ನಾಗಿ ಮಾಡುವವರಿಗೆ ದೇವರು ಅದನ್ನು ಒಪ್ಪಿಸಬಲ್ಲರು. ಆ ರಾತ್ರಿಯಿಂದ ಮನಸ್ಸಿಗೆ ಹೊಸ ನೆಮ್ಮದಿ ಬಂತೆಂದು ಅವರು ಸಾಕ್ಷಿ ನುಡಿದಿದ್ದಾರೆ.

ಈ ಮಾತು ಗುರುಗಳಿಗೆ, ಧರ್ಮಾಧ್ಯಕ್ಷರಿಗೆ ಮಾತ್ರವಲ್ಲ. ಪಾರ್ಶ್ವವಾಯು ಬಡಿದು ಮಲಗಿದ ಮೇಲೆ ಮನೆಯವರಿಗೆ ಅಡುಗೆ ಮಾಡಿ ಹಾಕಲಾಗುತ್ತಿಲ್ಲ ಎಂದು ಕೊರಗುವ ತಾಯಿಗೂ, ಕೆಲಸ ಕಳೆದುಕೊಂಡು ಗಲ್ಫಿನಿಂದ ಬರಿಗೈಯಲ್ಲಿ ಮರಳಿದ ಮಗನಿಗೂ, ಸೊಂಟ ಸೋತು ದೋಣಿ ಹತ್ತಲಾಗದ ಮೀನುಗಾರನಿಗೂ ಇದು ಸಲ್ಲುತ್ತದೆ. ನಮ್ಮಿಂದ ಕೆಲಸ ಆಗದಿದ್ದಾಗಲೂ ದೇವರ ಪ್ರೀತಿಗೆ ನಾವು ಬೇಕಾದವರೇ.

ಪ್ರಾರ್ಥಿಸಲಾಗದ ದಿನಗಳು

ಈ ನೆಮ್ಮದಿಯ ನಂತರವೂ ಕತ್ತಲೆಯ ದಿನಗಳು ಬಂದವು. ದಣಿವು, ಹಸಿವು, ಕಾಯಿಲೆಗಳಿಂದ ಸೋತು ಒಂದು ಪ್ರಾರ್ಥನೆಯನ್ನೂ ಹೇಳಲಾಗದ ದೀರ್ಘ ಕಾಲ ತಮಗಿತ್ತೆಂದು ವಾನ್ ತುವಾನ್ ಒಪ್ಪಿಕೊಂಡಿದ್ದಾರೆ. ಸ್ವಂತ ಮಾತುಗಳು ಬತ್ತಿದಾಗ ಧರ್ಮಸಭೆಯ ಪ್ರಾರ್ಥನೆಗಳನ್ನೇ ಹಿಡಿದುಕೊಂಡರು: ಪರಲೋಕ ಮಂತ್ರ, ನಮೋ ಮರಿಯಾ, ಬಲಿಪೂಜೆಯಲ್ಲಿ ಕೇಳಿ ಬಾಯಿಗೆ ಬಂದ ಪ್ರಾರ್ಥನೆಗಳು.

ಪೋಪ್ 16ನೇ ಬೆನೆಡಿಕ್ಟ್ ಅವರು ಭರವಸೆಯ ಕುರಿತು 2007ರ ನವೆಂಬರ್ 30ರಂದು ಹೊರಡಿಸಿದ "ಸ್ಪೆ ಸಾಲ್ವಿ" ಎಂಬ ಪರಿಪತ್ರದಲ್ಲಿ ಇದೇ ಅಂಶವನ್ನು ಎತ್ತಿ ತೋರಿಸಿದ್ದಾರೆ. ಪ್ರಾರ್ಥನೆಯನ್ನು ಭರವಸೆಯ ಪಾಠಶಾಲೆ ಎಂದು ವಿವರಿಸುವಾಗ ಅವರು ವಾನ್ ತುವಾನ್ ಅವರ ಹದಿಮೂರು ವರ್ಷಗಳನ್ನು ಉದಾಹರಿಸುತ್ತಾರೆ. ಬೇರೆ ಯಾರೂ ನಮ್ಮ ಮಾತನ್ನು ಕೇಳದಿದ್ದಾಗಲೂ ದೇವರು ಕೇಳುತ್ತಾರೆ ಎಂಬುದೇ ಆ ಪಾಠದ ಮೊದಲ ಅಕ್ಷರ. ಸ್ವಂತ ಪ್ರಾರ್ಥನೆಗೆ ಧರ್ಮಸಭೆಯ ಪ್ರಾರ್ಥನೆ ಊರುಗೋಲು ಎಂಬುದು ಎರಡನೆಯದು.

ಅಂಗೈಯೇ ಬಲಿಪೀಠ

ಬಂಧನವಾದ ಮರುದಿನವೇ ಬಟ್ಟೆ, ಹಲ್ಲುಜ್ಜುವ ಪೇಸ್ಟ್ ಮುಂತಾದ ಅಗತ್ಯ ವಸ್ತುಗಳಿಗಾಗಿ ಮನೆಯವರಿಗೆ ಪತ್ರ ಬರೆಯಲು ಅವರಿಗೆ ಅನುಮತಿ ಸಿಕ್ಕಿತು. ಅದರಲ್ಲಿ "ಹೊಟ್ಟೆನೋವಿನ ಔಷಧ"ವನ್ನೂ ಕೇಳಿದರು. ವಿಶ್ವಾಸಿಗಳಿಗೆ ಅರ್ಥವಾಯಿತು. ಔಷಧದ ಚೀಟಿ ಅಂಟಿಸಿದ ಚಿಕ್ಕ ಬಾಟಲಿಯಲ್ಲಿ ದ್ರಾಕ್ಷಾರಸ ಬಂತು. ಓಸ್ತಿಗಳು ಟಾರ್ಚಿನೊಳಗೆ ಅಡಗಿ ಬಂದವು. ಹೊಟ್ಟೆನೋವು ಇದೆಯೇ ಎಂದು ಪೊಲೀಸರು ಕೇಳಿದರು, ಹೌದೆಂದಾಗ ಔಷಧ ಒಪ್ಪಿಸಿದರು.

ಅಂದಿನಿಂದ ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ ಮತ್ತು ಒಂದು ಹನಿ ನೀರು ಇಟ್ಟುಕೊಂಡು ಬಲಿಪೂಜೆ ಅರ್ಪಿಸುತ್ತಿದ್ದರು. ಆ ಅಂಗೈಯೇ ಅವರ ಬಲಿಪೀಠ, ಅದೇ ಅವರ ಪ್ರಧಾನಾಲಯ.

1976ರ ಡಿಸೆಂಬರ್ ಆರಂಭದಲ್ಲಿ ಸುಮಾರು 1500 ಕೈದಿಗಳೊಂದಿಗೆ ಹಡಗಿನ ತಳದಲ್ಲಿ ತುಂಬಿ ಅವರನ್ನು ಉತ್ತರಕ್ಕೆ ಸಾಗಿಸಲಾಯಿತು. ತಮ್ಮ ಧರ್ಮಕ್ಷೇತ್ರದಿಂದ ದೂರವಾಗುತ್ತಿದ್ದೇನೆ ಎಂಬ ಸಂಕಟದ ನಡುವೆ ಸುತ್ತಲಿನ ಮುಖಗಳನ್ನು ನೋಡಿದಾಗ, ಈಗ ಇವರೇ ತಮಗೆ ಒಪ್ಪಿಸಲಾದ ಜನ ಎಂದು ಅವರಿಗೆ ಅರಿವಾಯಿತು.

ಉತ್ತರದ ಶಿಬಿರದಲ್ಲಿ ಐವತ್ತೈವತ್ತು ಮಂದಿ ಒಂದೇ ಹಾಸಿನ ಮೇಲೆ ಮಲಗಬೇಕಿತ್ತು. ತಲೆಗೆ ಸಿಗುತ್ತಿದ್ದುದು ಅರ್ಧ ಮೀಟರ್ ಜಾಗ. ಕಥೋಲಿಕ ಕೈದಿಗಳು ಅವರ ಪಕ್ಕದಲ್ಲೇ ಇರುವಂತೆ ಹೊಂದಿಸಿಕೊಂಡರು. ರಾತ್ರಿ ಒಂಬತ್ತೂವರೆಗೆ ದೀಪ ಆರಿದ ಮೇಲೆ ಅವರು ಬಾಗಿ ಕುಳಿತು ನೆನಪಿನಿಂದಲೇ ಪೂಜೆ ಅರ್ಪಿಸಿ, ಸೊಳ್ಳೆಪರದೆಯ ಅಡಿಯಿಂದ ಪರಮಪ್ರಸಾದವನ್ನು ಹಂಚುತ್ತಿದ್ದರು. ಉಳಿದ ಪರಮಪ್ರಸಾದವನ್ನು ಸಿಗರೇಟ್ ಪ್ಯಾಕಿನ ಕಾಗದದಿಂದ ಮಾಡಿದ ಪುಟ್ಟ ಚೀಲಗಳಲ್ಲಿಟ್ಟು ಕೈದಿಗಳು ಸರದಿಯಂತೆ ಜೇಬಿನಲ್ಲಿ ಕಾಪಾಡಿದರು. ವಿಶ್ವಾಸ ಸಡಿಲಗೊಂಡಿದ್ದ ಎಷ್ಟೋ ಮಂದಿ ಅಲ್ಲಿ ಮರಳಿ ಬಂದರು. ಕ್ರೈಸ್ತರಲ್ಲದ ಕೆಲವರು ದೀಕ್ಷಾಸ್ನಾನ ಪಡೆದರು.

ಕಾವಲುಗಾರರು ಕಲಿತ ಪಾಠ

ಒಂಟಿ ಕೋಣೆಯಲ್ಲಿ ಅವರನ್ನು ಕಾಯಲು ಇಬ್ಬರು ಸಿಬ್ಬಂದಿ. ಅವರೊಡನೆ ಮಾತನಾಡಬಾರದೆಂದು ಆಜ್ಞೆಯಿತ್ತು. ವಾನ್ ತುವಾನ್ ನಗುತ್ತಾ ತಾವು ಕಂಡ ದೇಶಗಳ ಕಥೆ ಹೇಳತೊಡಗಿದರು. ಕಾವಲುಗಾರರಿಗೆ ಕುತೂಹಲ ಹುಟ್ಟಿತು, ಇಂಗ್ಲಿಷ್, ಫ್ರೆಂಚ್ ಕಲಿಯುವ ಆಸೆಯೂ ಹುಟ್ಟಿತು. ಈ ಧರ್ಮಾಧ್ಯಕ್ಷರ ಸೋಂಕು ತಗಲೀತೆಂದು ಮೇಲಧಿಕಾರಿಗಳು ಎರಡು ವಾರಕ್ಕೊಮ್ಮೆ ಕಾವಲು ಬದಲಿಸಿದರು. ಹೀಗೆ ಮಾಡಿದರೆ ಎಲ್ಲರಿಗೂ ಸೋಂಕು ತಗಲುತ್ತದೆಂದು ತಿಳಿದು ಕೊನೆಗೆ ಬದಲಿಸುವುದನ್ನೇ ನಿಲ್ಲಿಸಿದರು.

ಲ್ಯಾಟಿನ್ ಕಲಿಯುತ್ತಿದ್ದ ಒಬ್ಬ ಕಾವಲುಗಾರ ಒಂದು ಹಾಡು ಹೇಳಿಕೊಡಿ ಎಂದಾಗ ಪವಿತ್ರಾತ್ಮರನ್ನು ಆಹ್ವಾನಿಸುವ "ವೇನಿ ಕ್ರೆಯಾತೊರ್" ಗೀತೆಯನ್ನು ಕಲಿಸಿದರು. ಮುಂದೆ ಪ್ರತಿದಿನ ಬೆಳಿಗ್ಗೆ ಆ ಕಮ್ಯುನಿಸ್ಟ್ ಪೊಲೀಸ ವ್ಯಾಯಾಮಕ್ಕೆಂದು ಮೆಟ್ಟಿಲಿಳಿಯುತ್ತಾ ಅದನ್ನೇ ಹಾಡುತ್ತಿದ್ದನಂತೆ. ತಾವು ಹಾಡಲಾಗದ ದಿನಗಳಲ್ಲಿ ತಮಗಾಗಿ ಹಾಡಲು ದೇವರು ಒಬ್ಬ ಪೊಲೀಸನನ್ನೇ ಕಳುಹಿಸಿದರೆಂದು ಅವರು ಸಂತೋಷಪಟ್ಟರು.

ಮತ್ತೊಂದು ಶಿಬಿರದಲ್ಲಿ ಮರ ಕಡಿಯುವಾಗ ಶಿಲುಬೆಯ ಆಕಾರದ ತುಂಡೊಂದನ್ನು ಮಾಡಿಕೊಳ್ಳಲು ಕಾವಲುಗಾರನ ಅನುಮತಿ ಕೇಳಿದರು. ಅದು ನಿಷಿದ್ಧ, ಆದರೂ ಅವನು ಕಂಡೂ ಕಾಣದಂತಿದ್ದ. ಆ ಶಿಲುಬೆ ಬಿಡುಗಡೆಯ ತನಕ ಸೋಪಿನ ತುಂಡಿನೊಳಗೆ ಅಡಗಿತ್ತು. ಇನ್ನೊಂದು ಸೆರೆಯಲ್ಲಿ ಬೇರೊಬ್ಬ ಕಾವಲುಗಾರ ವಿದ್ಯುತ್ ತಂತಿ ತಂದುಕೊಟ್ಟು, ಅದನ್ನು ಕತ್ತರಿಸಿ ಸರಪಣಿ ಹೆಣೆಯಲು ತಾನೂ ಕೈಜೋಡಿಸಿದ. ಕಾರ್ಡಿನಲ್ ಆದ ಮೇಲೂ ಅವರ ಎದೆಯ ಮೇಲಿದ್ದದ್ದು ಇದೇ ಶಿಲುಬೆ, ಇದೇ ಸರಪಣಿ.

ಬಿಡುಗಡೆ ಮತ್ತು ಅನಂತರ

1988ರ ಜೂನ್ 19ರಂದು ಪೋಪ್ ಎರಡನೇ ಜಾನ್ ಪೌಲ್ ಅವರು ವಿಯೆಟ್ನಾಮಿನ 117 ಹುತಾತ್ಮರನ್ನು ಸಂತರೆಂದು ಘೋಷಿಸಿದರು. ಅದೇ ವರ್ಷದ ನವೆಂಬರ್ 21ರಂದು, ಮರಿಯಮ್ಮನವರ ಸಮರ್ಪಣೆಯ ಹಬ್ಬದಂದು, ವಾನ್ ತುವಾನ್ ಅವರ ಬಿಡುಗಡೆಯಾಯಿತು. ನಿಮ್ಮ ಬಯಕೆಯೇನು ಎಂದು ಮಂತ್ರಿಗಳು ಕೇಳಿದಾಗ ಇಂದೇ ಬಿಡುಗಡೆ ಬೇಕೆಂದರು. ಮೂವರು ಪೋಪರ ಕಾಲವೂ ಸೋವಿಯತ್ ರಷ್ಯಾದ ನಾಲ್ವರು ನಾಯಕರ ಕಾಲವೂ ತಾವು ಸೆರೆಯಲ್ಲಿರುವಾಗಲೇ ಸಂದಿತಲ್ಲ ಎಂದು ಹೇಳಿ ಮಂತ್ರಿಯನ್ನೂ ನಗಿಸಿದರಂತೆ.

1991ರಲ್ಲಿ ರೋಮಿಗೆ ಹೋಗಲು ಅನುಮತಿ ದೊರೆಯಿತು, ಆದರೆ ತಾಯ್ನಾಡಿಗೆ ಮರಳಿ ನೆಲೆಸಲು ಬಿಡಲಿಲ್ಲ. 1998ರಲ್ಲಿ ಅವರು ವ್ಯಾಟಿಕನ್ನಿನ ನ್ಯಾಯ ಮತ್ತು ಶಾಂತಿ ಮಂಡಳಿಯ ಅಧ್ಯಕ್ಷರಾದರು. 2000ದ ತಪಸ್ಸುಕಾಲದಲ್ಲಿ ಪೋಪ್ ಮತ್ತು ವ್ಯಾಟಿಕನ್ ಅಧಿಕಾರಿಗಳಿಗೆ ಧ್ಯಾನಕೂಟ ನಡೆಸಿದರು. ಈ ಲೇಖನದ ಹಲವು ಘಟನೆಗಳನ್ನು ಅವರೇ ಅಲ್ಲಿ ಹೇಳಿಕೊಂಡಿದ್ದರು. 2001ರ ಫೆಬ್ರವರಿ 21ರಂದು ಕಾರ್ಡಿನಲ್ ಆದರು. 2002ರ ಸೆಪ್ಟೆಂಬರ್ 16ರಂದು ಕ್ಯಾನ್ಸರಿನಿಂದ ರೋಮಿನಲ್ಲಿ ನಿಧನರಾದರು. 2017ರ ಮೇ 4ರಂದು ಪೋಪ್ ಫ್ರಾನ್ಸಿಸ್ ಅವರು ವಾನ್ ತುವಾನ್ ಅವರನ್ನು "ಪೂಜ್ಯ"ರೆಂದು ಸಾರುವ ಆಜ್ಞೆಗೆ ಒಪ್ಪಿಗೆ ನೀಡಿದರು.

ಸೆರೆಯಿಂದ ಬಿಡುಗಡೆಯಾಯಿತು, ಕ್ಯಾನ್ಸರಿನಿಂದ ಆಗಲಿಲ್ಲ. ಆದ್ದರಿಂದ ಅವರ ಭರವಸೆಯನ್ನು "ಕೊನೆಗೆ ಎಲ್ಲ ಸರಿಹೋಯಿತು" ಎಂಬ ಕಥೆಯಾಗಿ ನಾವು ಓದಬಾರದು. ಬಿಡುಗಡೆ ಬಂದರೂ ಬಾರದಿದ್ದರೂ ಶಿಲುಬೆಗೇರಿ ಪುನರುತ್ಥಾನರಾದ ಪ್ರಭು ತಮ್ಮ ಜೊತೆಯಲ್ಲಿದ್ದಾರೆ ಎಂಬುದೇ ಆ ಭರವಸೆ.

ಕಾಯಿಲೆಯವರ ಬಳಿ ಹೋಗುವವರಿಗೆ

ವಾನ್ ತುವಾನ್ ಅವರ ಬಾಳು ಮತ್ತು ಧರ್ಮಸಭೆಯ ಬೋಧನೆಯ ಬೆಳಕಿನಲ್ಲಿ ಕೆಲವು ವಿಷಯಗಳನ್ನು ನಾವು ನೆನಪಿನಲ್ಲಿಡಬಹುದು.

1. ನೋವನ್ನು ಶಿಕ್ಷೆ ಎನ್ನಬೇಡಿ. ಯೋಬನ ಗೆಳೆಯರು ಹಾಗೆಂದು ವಾದಿಸಿ ದೇವರಿಂದ ಗದರಿಸಿಕೊಂಡರು. ಹುಟ್ಟುಕುರುಡನ ವಿಷಯದಲ್ಲಿ, ಇದು ಅವನ ಪಾಪವೂ ಅಲ್ಲ, ತಂದೆತಾಯಿಯ ಪಾಪವೂ ಅಲ್ಲ ಎಂದು ಯೇಸುಸ್ವಾಮಿ ಸ್ಪಷ್ಟವಾಗಿ ತಿಳಿಸಿದರು.

2. ಪ್ರಾರ್ಥಿಸಲಾಗುತ್ತಿಲ್ಲ ಎಂದವರನ್ನು ತಿದ್ದಲು ಹೋಗಬೇಡಿ. ಪಕ್ಕದಲ್ಲಿ ಕುಳಿತು ಪರಲೋಕ ಮಂತ್ರವನ್ನೋ ಜಪಸರದ ಒಂದು ದಶಕವನ್ನೋ ಮೆಲ್ಲಗೆ ಹೇಳಿ. ಅವರು ಕೇಳುತ್ತಿದ್ದರೆ ಸಾಕು. ಸಾಂತ್ವನ ಎಂಬುದಕ್ಕಿರುವ ಲ್ಯಾಟಿನ್ ಪದವು ಒಬ್ಬಂಟಿಯ ಜೊತೆಗಿರುವುದನ್ನು ಸೂಚಿಸುತ್ತದೆ ಎಂದು "ಸ್ಪೆ ಸಾಲ್ವಿ" ನೆನಪಿಸುತ್ತದೆ.

3. ವ್ಯಾಧಿಸ್ಥರ ಅಭ್ಯಂಗ ಸಂಸ್ಕಾರಕ್ಕೆ ಕೊನೆಯ ಉಸಿರಿನ ತನಕ ಕಾಯಬೇಡಿ. ಅದು ಮರಣದ ಅಂಚಿನಲ್ಲಿರುವವರಿಗೆ ಮಾತ್ರ ಮೀಸಲಲ್ಲ. ಗಂಭೀರ ಕಾಯಿಲೆಯವರು, ದೊಡ್ಡ ಶಸ್ತ್ರಚಿಕಿತ್ಸೆಗೆ ಹೋಗುವವರು, ವಯಸ್ಸಿನಿಂದ ಬಹಳ ಕುಗ್ಗಿದವರು ಪಡೆಯಬಹುದು. ಕಾಯಿಲೆ ಉಲ್ಬಣಿಸಿದರೆ ಮತ್ತೊಮ್ಮೆಯೂ ಪಡೆಯಬಹುದು. ಗುರುಗಳು ಬಂದರೆ ರೋಗಿ ಹೆದರುತ್ತಾರೆ ಎಂಬ ಅಂಜಿಕೆಯಿಂದ ಎಷ್ಟೋ ಮನೆಗಳಲ್ಲಿ ಅವರನ್ನು ಕರೆಯುವುದು ತಡವಾಗುತ್ತದೆ.

4. ಪರಮಪ್ರಸಾದವನ್ನು ಮನೆಗೆ ತಲುಪಿಸಿ. ಮೂರು ಹನಿಗಳಿಗಾಗಿ ಜೀವವನ್ನೇ ಪಣಕ್ಕಿಟ್ಟವರ ಕಥೆ ಓದಿದ ಮೇಲೆ, ಚರ್ಚಿನಿಂದ ಕೂಗಳತೆಯಲ್ಲಿರುವ ರೋಗಿ ತಿಂಗಳುಗಟ್ಟಲೆ ಪರಮಪ್ರಸಾದವಿಲ್ಲದೆ ಇರುವುದು ನಮಗೆ ಚುಚ್ಚಬೇಕು.

5. ವಿಶ್ವಾಸವು ಔಷಧಕ್ಕೆ ಎದುರಾಳಿಯಲ್ಲ. ದೀರ್ಘಕಾಲದ ಖಿನ್ನತೆಯಿದ್ದರೆ, ಸಾಯುವ ಮಾತು ಬಂದರೆ, ಪ್ರಾರ್ಥನೆಯ ಜೊತೆಗೆ ತಡಮಾಡದೆ ವೈದ್ಯರ ನೆರವನ್ನೂ ಒದಗಿಸಿ.

6. ಫೆಬ್ರವರಿ 11ನ್ನು ನೆನಪಿಡಿ. ಲೂರ್ದು ಮಾತೆಯ ಈ ಹಬ್ಬವನ್ನು 1993ರಿಂದ ವಿಶ್ವ ರೋಗಿಗಳ ದಿನವಾಗಿ ಆಚರಿಸಲಾಗುತ್ತಿದೆ. ಅಂದು ವಾರ್ಡಿನ ಎಲ್ಲ ಕಾಯಿಲೆಯವರ ಪಟ್ಟಿ ಮಾಡಿ, ವರ್ಷವಿಡೀ ಯಾರು ಯಾರನ್ನು ನೋಡಬೇಕೆಂದು ಹಂಚಿಕೊಂಡರೆ ಆ ದಿನ ಸಾರ್ಥಕ.

ಕಷ್ಟವು ತಾಳ್ಮೆಯನ್ನು, ತಾಳ್ಮೆಯು ಪಕ್ವವಾದ ಗುಣವನ್ನು, ಆ ಗುಣವು ಭರವಸೆಯನ್ನು ಹುಟ್ಟಿಸುತ್ತದೆ, ಆ ಭರವಸೆ ನಮ್ಮನ್ನು ನಿರಾಶೆಗೊಳಿಸುವುದಿಲ್ಲ ಎಂಬುದು ಸಂತ ಪೌಲರು ರೋಮಿನ ಕ್ರೈಸ್ತರಿಗೆ ಕಲಿಸಿದ ಪಾಠ. ಹೇಳಲು ಸುಲಭ, ಹಾಸಿಗೆಯಲ್ಲಿ ಮಲಗಿದವರಿಗೆ ಕಷ್ಟ. ಅವರಿಂದ ದೊಡ್ಡದೇನನ್ನೂ ದೇವರು ಕೇಳುವುದಿಲ್ಲ. ಒಂದು ನಮೋ ಮರಿಯಾ, ಔಷಧ ಕೊಟ್ಟ ದಾದಿಗೆ ಒಂದು ನಗು, ಮನಸ್ಸಿನಲ್ಲೇ ಒಂದು ಕ್ಷಮೆ ಸಾಕು. ಪೂಜ್ಯ ವಾನ್ ತುವಾನ್ ಅವರ ಅಂಗೈಯಲ್ಲಿದ್ದದ್ದೂ ಮೂರೇ ಹನಿ. ನಮ್ಮ ಧರ್ಮಕೇಂದ್ರಗಳಲ್ಲಿ ನೋವಿನಲ್ಲಿರುವ ಪ್ರತಿಯೊಬ್ಬರೂ ಈ ಭರವಸೆಯನ್ನು ಅನುಭವಿಸುವಂತಾಗಲಿ, ಅದನ್ನು ಅವರ ಬಾಗಿಲಿಗೆ ಒಯ್ಯುವ ಕೃಪೆ ನಮಗೂ ದೊರೆಯಲಿ ಎಂದು ಪ್ರಾರ್ಥಿಸುತ್ತೇವೆ.